ಕವಳಿ ಕಂಟಿಯ ಕೆಂಪು

“ಒಂದು ಕಂಟಿಗೆ ಇಷ್ಟು ಹಣ್ಣು ಯಾರು ಪೋಣಿಸಿಟ್ರವ್ವಾ?”

ಭಾಗ್ಯಜ್ಯೋತಿ ಟೀಚರ್ ಕೇಳಿದ್ದು ಯಾರನ್ನೂ ಅಲ್ಲ. ಚಿಮ್ಮನಚೋಡದ ಗುಡ್ಡದಲ್ಲಿ ಆ ಬೆಳಿಗ್ಗೆ ಉತ್ತರ ಕೊಡುವವರು ಇರಲಿಲ್ಲ. ಅದೇ ಅವಳಿಗೆ ಹಿತವಾಗಿತ್ತು. ಆಡಕಿಯ ಶಾಲೆಯಲ್ಲಿ ಹತ್ತು ತಿಂಗಳು “ಸುಮ್ಮ ಕೂಡ್ರಿ, ಸುಮ್ಮ ಕೂಡ್ರಿ” ಎಂದು ಕೂಗಿ ಗಂಟಲು ಹರಿದಿತ್ತು. ಬೇಸಿಗೆ ರಜೆಗೆ ತವರಿಗೆ ಬಂದವಳು ಕವಳಿ ಹಣ್ಣು ಬಿಡಿಸುತ್ತ, ಮುಳ್ಳಿಗೆ ಸೆರಗು ಸಿಕ್ಕರೂ, ಬೆರಳಿಗೆ ಬಿಳಿ ಹಾಲು ಅಂಟಿದರೂ ನಗುತ್ತಿದ್ದಳು.

ಇವತ್ತಿನ ಹಣ್ಣು ಅವ್ವನಿಗೆ. ಹನ್ನೆರಡು ದಿನದ ಜ್ವರದಲ್ಲಿ ಮಹಾದೇವಮ್ಮನ ನಾಲಿಗೆ ಸತ್ತುಹೋಗಿತ್ತು. ರೊಟ್ಟಿ ಬೇಡ, ಗಂಜಿ ಬೇಡ. ನಿನ್ನೆ ಸಂಜೆ ತಾನಾಗಿಯೇ, “ಕವಳಿ ಹಣ್ಣಿದ್ರ ಒಂದ್ ನಾಕು ತಿಂತಿದ್ದೆ ನೋಡು” ಎಂದಿದ್ದಳು. ಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗಿಡದವಳು. ಈಗ ಸ್ನಾನ ಮಾಡಿ, ಪೂಜೆಗೆ ಕುಳಿತು ದಾರಿ ನೋಡುತ್ತಿರುತ್ತಾಳೆ.

ಡಬ್ಬಿ ಮುಕ್ಕಾಲು ತುಂಬಿತು. ಬಂಡೆಯ ಬುಡದ ಕಂಟಿಯಲ್ಲಿ ಹಣ್ಣು ಒಡೆದು ರಸ ಸುರಿದಂತೆ ಕೆಂಪಗೆ ತೊಯ್ದಿದ್ದವು. ಒಂದು ಹಿಡಿ ಬಿಡಿಸಿ ಡಬ್ಬಿಗೆ ಹಾಕಿ, ಒಂದನ್ನು ಬಾಯಿಗೆ ಹಾಕಿಕೊಂಡಳು.

ಸುಣ್ಣ. ಅಗ್ಗದ ಅತ್ತರಿನ ವಾಸನೆ. ಇನ್ನೂ ಬೆಚ್ಚಗಿತ್ತು.

ಅವಳು ಉಗುಳುವಷ್ಟರಲ್ಲಿ ಬಂಡೆಯ ಮೇಲಿನಿಂದ ಮತ್ತೊಂದು ಗುಟ್ಕಾ ಪಿಚಕಾರಿ ಅದೇ ಕಂಟಿಗೆ ಬಿತ್ತು. ಬೆಳಗಿನ ಚಹಾ ಎಲ್ಲ ಹೊರಗೆ ಬಂತು.

“ಯಾರದು? ಅಯ್ಯಯ್ಯೋ, ಮೇಡಂ, ನೀವಾ!”

ಇಳಿದು ಬಂದವನು ಅವಳ ಶಾಲೆಯ ದೇವಾನಂದ ಮಾಸ್ತರ. ಉಪ್ಪಿನಕಾಯಿಗೆ ಕವಳಿಕಾಯಿ ಒಯ್ಯಲು ಚಿಂಚೋಳಿಯಿಂದ ಬೈಕ್ ಮೇಲೆ ಬಂದಿದ್ದ. ತುಟಿಯ ಮೂಲೆಯಲ್ಲಿ ಕೆಂಪು ಎಂಜಲು ನೂಲಾಗಿ ಇಳಿದಿತ್ತು. ವರ್ಷವರ್ಷ ಮಕ್ಕಳ ಕೈ ಮುಂದೆ ಚಾಚಿಸಿ, ತಂಬಾಕು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸುವ ಬಾಯಿ ಅದು. ಪ್ರಾರ್ಥನೆಯಲ್ಲಿ ವಚನ ಹೇಳಿಸುವುದೂ ಅದೇ.

“ಕೆಳಗ ನೀವು ನಿಂತೀರಂತ ನನಗೇನು ಕನಸು ಬಿದ್ದಿತ್ತಾ? ತೊಳದ್ರ ಹೋಗ್ತದ ಬಿಡ್ರಿ. ಬಜಾರದಾಗಿನ ಔಷಧಿ ಹೊಡದ ದ್ರಾಕ್ಷಿ ತಿನ್ನಂಗಿಲ್ಲೇನು ನಾವು?”

“ನಮ್ಮವ್ವ ಇವನ್ನ ಲಿಂಗದ ಮುಂದ ಇಡಾಕಿ ಇದಾಳ್ರಿ, ಸರ್.”

“ಹೇಳಬ್ಯಾಡ್ರಿ, ಆತು. ಮುದುಕಿಗೇನು ತಿಳೀತದ?” ನಕ್ಕ. ಹಲ್ಲಿನ ಸಂದಿಗಳೆಲ್ಲ ಕಂಡವು.

ಅವಳು ಡಬ್ಬಿಯೊಳಗೆ ಇಣುಕಿದಳು. ಯಾವುದು ಹಣ್ಣಿನ ಕೆಂಪು, ಯಾವುದು ಅವನದು, ತಿಳಿಯಲಿಲ್ಲ. ಅಷ್ಟನ್ನೂ ನೆಲಕ್ಕೆ ಸುರಿದಳು. ಜೊತೆಗೆ ತಂದಿದ್ದ ನೀರಿನ ಬಾಟಲಿ ತೆಗೆದು ಎರಡು ಸಲ ಬಾಯಿ ಮುಕ್ಕಳಿಸಿದಳು. ಬಾಟಲಿಯಲ್ಲಿ ಅರ್ಧ ನೀರು ಉಳಿಯಿತು. ಕೈ ತೊಳೆಯಬೇಕು, ಡಬ್ಬಿ ತೊಳೆಯಬೇಕು, ಆಚೆ ದಿಬ್ಬದ ಕಂಟಿಗೆ ಹೋಗಿ ಮತ್ತೆ ಮೊದಲಿನಿಂದ ಬಿಡಿಸಬೇಕು. ಬಿಸಿಲು ಏರುತ್ತಿತ್ತು. ಅವ್ವ ಹಸಿದು ಕುಳಿತಿದ್ದಳು.

“ಮೇಡಂ, ಹಂಗೇ ಒಂದ್ ಗುಟುಕು ನೀರು ಈ ಕಡೆ ಕೊಡ್ರಿ. ಬಾಯಿ ಭಾಳ ಒಣಗ್ಯಾದ.”

ಕೇಳಿದವರಿಗೆ ನೀರಿಲ್ಲ ಅನ್ನಬಾರದು ಎಂದು ಕಲಿಸಿದವಳೂ ಅವ್ವನೇ. ಭಾಗ್ಯಜ್ಯೋತಿ ಬಾಟಲಿಯ ಮುಚ್ಚಳ ಬಿಗಿದಳು.

“ಕೊಡಂಗಿಲ್ರಿ.”