ಮೂರೂ ಒಟ್ಟಿಗೇ ಬಿದ್ದಾಗ

ಈಗ ಯಾರ ಕೈಯಲ್ಲಿ ನೋಡಿದರೂ ಮೊಬೈಲು, ಮೊಬೈಲಿನಲ್ಲಿ ಷೇರಿನ ಬೆಲೆ. ಲೇತ್ ವರ್ಕ್‌ಶಾಪಿನ ಯಜಮಾನನೂ ಹಾಗೆಯೇ. ಎಣ್ಣೆ ಮೆತ್ತಿದ ಬೆರಳಲ್ಲೇ ಗಳಿಗೆಗೊಮ್ಮೆ ನೋಡುತ್ತಿದ್ದ. ಉಳಿತಾಯವನ್ನೆಲ್ಲ ಷೇರು, ಮ್ಯೂಚುವಲ್ ಫಂಡು, ಒಂದು ಸೈಟು ಎಂದು ಮೂರು ಕಡೆ ಹಾಕಿದ್ದ.

ಅವನ ತಂಗಿ ಹಣಕಾಸು ಸಂಸ್ಥೆಯೊಂದರಲ್ಲಿದ್ದಳು. ಮಾರುಕಟ್ಟೆ ಕುಸಿದರೆ ಎಷ್ಟು ನಷ್ಟವಾದೀತು ಎಂದು ಮೊದಲೇ ಅಳೆಯುವುದು ಅವಳ ಕೆಲಸ. ಒಂದು ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಬಂದವಳು ವಿಷಯ ತೆಗೆದಳು.

“ಅಣ್ಣ, ಇದ್ದದ್ದೆಲ್ಲ ಷೇರು, ಸೈಟು ಅಂತ ಹಾಕಿಬಿಟ್ಟಿದ್ದೀಯಲ್ಲ?”

“ಮೂರು ಕಡೆ ಹಾಕಿದ್ದೀನಿ ಕಣೇ. ಒಂದು ಮುಗ್ಗರಿಸಿದ್ರೆ ಇನ್ನೆರಡು ಕೈ ಹಿಡಿಯುತ್ತೆ. ಐದಾರು ವರ್ಷದಿಂದ ನೋಡ್ತಿದ್ದೀನಿ, ಇಳಿದ್ರೂ ಚೂರುಪಾರು.”

“ಅವೆಲ್ಲ ಒಳ್ಳೇ ವರ್ಷಗಳು. ಆ ಅಳತೆ ಕೆಟ್ಟ ಕಾಲಕ್ಕೆ ಹೊಂದಲ್ಲ. ಮಾರುಕಟ್ಟೆ ನೆಲ ಕಚ್ಚಿದಾಗ ಎಲ್ಲರೂ ಮಾರೋಕೆ ಓಡ್ತಾರೆ. ಆಗ ಷೇರೂ ಬೀಳುತ್ತೆ, ಫಂಡೂ ಬೀಳುತ್ತೆ, ಸೈಟು ಕೇಳೋರೇ ಇರಲ್ಲ. ನಿನ್ನ ವರ್ಕ್‌ಶಾಪಿಗೂ ಕೆಲಸ ಬರಲ್ಲ. ಅದೇ ಹೊತ್ತಿಗೆ ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ? ಆಫೀಸಲ್ಲಿ ನಾವು ಹೀಗೆ ಎಲ್ಲ ಕೆಟ್ಟದ್ದನ್ನೂ ಸೇರಿಸಿ ನೋಡೋದು.”

“ಹೆದರೋಕೇ ಸಂಬಳ ಕೊಡ್ತಾರೆ ನಿಮಗೆ,” ಎಂದು ಅಣ್ಣ ನಕ್ಕ. ಅತ್ತಿಗೆಯೂ ನಗುತ್ತಾ ನಾದಿನಿಯ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಮರುವರ್ಷ ಮಾರುಕಟ್ಟೆ ಕುಸಿಯಿತು. ಷೇರು ಅರ್ಧಕ್ಕಿಂತ ಕೆಳಗೆ ಹೋಯಿತು, ಫಂಡು ಅದರ ಬೆನ್ನಿಗೇ. ಕಾರ್ಖಾನೆಗಳು ಆರ್ಡರ್ ನಿಲ್ಲಿಸಿದವು. ಸೈಟು ಮಾರೋಣವೆಂದರೆ ದಲ್ಲಾಳಿ ಫೋನನ್ನೇ ಎತ್ತಲಿಲ್ಲ.

“ಈಗ ಮಾರಿದ್ರೆ ಮುಳುಗಿದ ಹಾಗೇನೇ. ಸ್ವಲ್ಪ ತಡ್ಕೊಂಡ್ರೆ ಮೇಲೆ ಬರುತ್ತೆ,” ಎಂದು ಅವನು ಹೆಂಡತಿಗೆ ದಿನವೂ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಅವಳಿಗಾಗಲೇ ಹೊಟ್ಟೆನೋವು ಶುರುವಾಗಿತ್ತು. ಬೇಗ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಮಗಳು ಕೇಳಿದರೆ “ಗ್ಯಾಸು ಕಣೇ” ಅನ್ನುತ್ತಿದ್ದಳು.

ಅವಳು ಅಡುಗೆಮನೆಯಲ್ಲಿ ಕುಸಿದ ದಿನ ಅವನು ಷೇರು, ಫಂಡು ಎಲ್ಲವನ್ನೂ ಸಿಕ್ಕಿದ ಬೆಲೆಗೆ ಮಾರಿದ.

“ನನಗೆ ಯಾಕೆ ಹೇಳಲಿಲ್ಲ?” ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದ.

“ಮೇಲೆ ಬರಲಿ ಅಂತ ಕಾಯ್ತಿದ್ರಲ್ಲ ರೀ.”

ಆಪರೇಷನ್ ಆಯಿತು. ಆದರೆ ಕಾಲ ಮಿಂಚಿತ್ತು. ಅವಳು ಮನೆಗೆ ಮರಳಲಿಲ್ಲ.

ಕೆಲವು ತಿಂಗಳಲ್ಲಿ ಬೆಲೆಗಳು ಏರಿದವು, ವರ್ಕ್‌ಶಾಪಿಗೂ ಕೆಲಸ ಬಂತು. ತಂಗಿ ಬಂದಾಗ ಅವನಾಗಿಯೇ ಕೇಳಿದ: “ಅವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳು. ಮಗಳೂ ಕೇಳಿಸಿಕೊಳ್ಳಲಿ.”

ತಂಗಿ ಅಣ್ಣನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. “ದುಡ್ಡು ಎಷ್ಟು ಇಳಿಯುತ್ತೆ ಅನ್ನೋದನ್ನ ನಾನು ಅಳೀತೀನಿ ಅಣ್ಣ. ಅತ್ತಿಗೆ ನೋವು ನುಂಗ್ಕೊಂಡು ಸುಮ್ಮನಿರ್ತಾಳೆ ಅಂತ ನನಗೂ ಹೊಳೀಲಿಲ್ಲ.”

ಮೂವರೂ ಕೂತು ಮಾತಾಡಿದರು. ಮನೆಖರ್ಚಿಗೆ, ಆಸ್ಪತ್ರೆಗೆ ಬೇಕಾದದ್ದು ಮೊದಲು ಬ್ಯಾಂಕಿನಲ್ಲಿ ಬೇರೆಯಾಗಿರಬೇಕು. ಆರೋಗ್ಯ ವಿಮೆ ಮಾಡಿಸಬೇಕು. ಅರ್ಧ ಹೋದರೂ ಮನೆ ನಡೆಯುವಷ್ಟನ್ನು ಮಾತ್ರ ಮಾರುಕಟ್ಟೆಗೆ ಹಾಕಬೇಕು. ಅವನು ಎಲ್ಲದಕ್ಕೂ ಒಪ್ಪಿದ.

“ಅಪ್ಪ, ಇನ್ಮೇಲೆ ನಿಂಗೇನಾದ್ರೂ ಆದ್ರೆ ನಂಗೆ ಹೇಳ್ತೀಯಾ?” ಎಂದಳು ಮಗಳು. “ಹೇಳ್ತೀನಿ,” ಎಂದು ಅವನು ಅವಳ ತಲೆ ಸವರಿದ.

ಓದುತ್ತಿರುವ ನೀವೂ ಇವತ್ತೇ ಮನೆಯವರ ಜೊತೆ ಕೂತು ಕೇಳಿಕೊಳ್ಳಿ. ಹಾಕಿದ್ದೆಲ್ಲ ಒಟ್ಟಿಗೆ ಬಿದ್ದು, ಕೆಲಸವೂ ನಿಂತು, ಒಬ್ಬರು ಹಾಸಿಗೆ ಹಿಡಿದರೆ, ಏನನ್ನೂ ಮಾರದೆ ಅವರನ್ನು ಆಸ್ಪತ್ರೆಗೆ ಸೇರಿಸಬಲ್ಲಿರಾ? ಆಗದು ಎನಿಸಿದರೆ ಆ ದುಡ್ಡನ್ನು ಮೊದಲು ಎತ್ತಿಡಿ. ನಿಮಗೆ ತೊಂದರೆ ಕೊಡಬಾರದೆಂದು ಮನೆಯಲ್ಲಿ ಯಾರಾದರೂ ಸುಮ್ಮನಿದ್ದಾರೆಯೇ, ಅದನ್ನೂ ಕೇಳಿ.