ಫ್ಯಾನಿನ ಕೆಳಗಿನ ಪುದೀನ

ಕಂಪ್ಯೂಟರು ಆ ಬೆಳಿಗ್ಗೆ ಮೂರನೆಯ ಸಲ ಆರಿಹೋದಾಗ ಸೊಸೆ ಕೂಗಾಡಲಿಲ್ಲ. ಮೌಸಿನ ಮೇಲಿಂದ ಕೈ ತೆಗೆದಳು. ಕೈ ಸುಲಭವಾಗಿ ಬರಲಿಲ್ಲ. ಹಿಂದಿನ ದಿನ ಮೈದುನ ಜಾಮ್ ಹಚ್ಚಿದ ಬ್ರೆಡ್ ತಿನ್ನುತ್ತ ಆಟ ಆಡಿದ್ದ. ಅದರ ಜಿಗುಟು ಅಂಗೈಗೆ ಹತ್ತಿ, ಬಿಡಿಸುವಾಗ ಸಣ್ಣಗೆ ಚರ್ ಎಂದಿತು. ಅವಳು ಅಂಗೈಯನ್ನು ಮೂಗಿನ ಹತ್ತಿರ ಒಯ್ದವಳು, ಬೇಡವೆನಿಸಿ ದೂರ ಹಿಡಿದಳು.

ಅವಳ ಕೆಲಸ ಇನ್ನೂ ಕಟ್ಟದ ಕಟ್ಟಡಗಳೊಳಗೆ ಜನರನ್ನು ನಡೆಸುವುದು. ಆರ್ಕಿಟೆಕ್ಟುಗಳು ನಕ್ಷೆ ಕಳಿಸುತ್ತಾರೆ. ಅವಳು ಅದಕ್ಕೆ ಗೋಡೆ ಎಬ್ಬಿಸಿ, ಕಿಟಕಿ ಕೂರಿಸಿ, ನೆಲದ ಮೇಲೆ ಬಿಸಿಲು ಬೀಳಿಸಿ ಒಂದು ಸಣ್ಣ ವಿಡಿಯೋ ಚಿತ್ರ ಮಾಡಿಕೊಡುತ್ತಾಳೆ. ಮಾಡಿದ್ದನ್ನೆಲ್ಲ ಕೊನೆಗೆ ಕಂಪ್ಯೂಟರು ಒಂದೊಂದೇ ಚಿತ್ರವಾಗಿ ಲೆಕ್ಕ ಹಾಕಿ ಹೊರಗೆ ಹಾಕಬೇಕು. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಅತ್ತೆಯ ಮಾತಿನಲ್ಲಿ ಇದರ ಹೆಸರು ‘ಬೊಂಬೆ ಮನೆ’. ಯಾರಾದರೂ ಬಂದು ಸೊಸೆ ಏನು ಮಾಡುತ್ತಾಳೆಂದು ಕೇಳಿದರೆ, "ಮನೇಲೇ ಇದ್ದಾಳೆ, ಬೊಂಬೆ ಮನೆ ಮಾಡ್ಕೊಂಡು" ಎನ್ನುತ್ತಿದ್ದರು.

ಈ ಸಲದ್ದು ವೃದ್ಧರ ಆಸ್ಪತ್ರೆಯ ಒಂದು ವಾರ್ಡು. ನಾಳೆ ಮಧ್ಯಾಹ್ನ ಆರ್ಕಿಟೆಕ್ಟ್ ಮೇಡಂ ಅದನ್ನು ಸಮಿತಿಯ ಮುಂದೆ ತೋರಿಸುವವರಿದ್ದರು. ಒಪ್ಪಿಗೆಯಾದರೆ ಅವರ ಕಚೇರಿಯ ಚಿತ್ರಗಳೆಲ್ಲ ಇನ್ನು ಇವಳದೇ. "ಹೊತ್ತಿಗೆ ಸರಿಯಾಗಿ ಬರದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮ, ಬೇಜಾರ್ ಮಾಡ್ಕೋಬೇಡಿ" ಎಂದು ಅವರು ಮೊದಲೇ ಹೇಳಿದ್ದರು. ಬೊಂಬೆ ಮನೆ ಕೆಲಸವೆನಿಸಿಕೊಳ್ಳಲು ಇದ್ದ ದಾರಿ ಇದೊಂದೇ. ಆ ದಾರಿಯೇ ಬೆಳಿಗ್ಗೆಯಿಂದ ಕಪ್ಪು ಪರದೆಯಾಗಿ ಕೂತಿತ್ತು.

"ಕರೆಂಟ್ ತೊಂದರೆ ಇರಬೇಕು," ಎಂದ ಗಂಡ, ಬೂಟಿನ ಲೇಸು ಕಟ್ಟುತ್ತ. ತಿಂಗಳುಗಳಿಂದ ಅವನದು ಇದೇ ಉತ್ತರ.

"ಫ್ರಿಜ್ ನಡೀತಿದೆ, ಲೈಟ್ ಉರೀತಿದೆ. ಇದೊಂದಕ್ಕೇ ಕರೆಂಟಿಲ್ವಾ?"

"ಅವನನ್ನ ಎಬ್ಬಿಸಿ ಕೇಳು. ಅವನಿಗೆ ಗೊತ್ತಾಗುತ್ತೆ."

ಅವನೆಂದರೆ ಮೈದುನ. ಮೂವತ್ತು ದಾಟಿದ ಅವನಿಗೆ ಗೆಳೆಯರು ಇಟ್ಟ ಹೆಸರು ಸ್ಪೀಡು. ಹಾಸಿಗೆಯಿಂದ ಏಳುವುದರಲ್ಲಾಗಲೀ ಕೆಲಸ ಹುಡುಕುವುದರಲ್ಲಾಗಲೀ ಆ ಹೆಸರಿಗೆ ಆಧಾರವಿರಲಿಲ್ಲ. ಕಂಪ್ಯೂಟರ್ ಆಟದ ಕಾರು ಓಡಿಸುವುದರಲ್ಲಿ ಮಾತ್ರ ಇತ್ತು. ಹಗಲು ಕಂಪ್ಯೂಟರು ಅವಳದು, ಸಂಜೆ ಅವನದು ಎಂಬುದು ಮನೆಯ ಒಪ್ಪಂದ. ಕೆಲವು ತಿಂಗಳ ಹಿಂದೆ, ಅವಳು ತವರಿಗೆ ಹೋಗಿದ್ದಾಗ, ಅವನು ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿದ್ದ. ಎಂದರೆ ಅದರ ಮಿದುಳಾದ ಪ್ರೊಸೆಸರು ಕಂಪನಿ ಗೊತ್ತು ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡುವಂತೆ ತಿರುಗಿಸಿಟ್ಟಿದ್ದ. ವೇಗ ಏರಿದರೆ ಬಿಸಿಯೂ ಏರುತ್ತದೆ. ಬಿಸಿ ಇಳಿಸಲು ದೊಡ್ಡ ಕೂಲರ್ ಬೇಡವೇ ಎಂದು ಅವಳು ತವರಿಂದ ಬಂದಾಗಲೇ ಕೇಳಿದ್ದಳು.

"ಡಬ್ಬದ ಜೊತೆ ಬಂದ ಫ್ಯಾನೇ ಸಾಕು ಅತ್ತಿಗೆ. ಸೇಫು. ನಾನು ಮಾಡಿದೀನಿ ಅಂದ್ರೆ ಸೇಫು."

ಕ್ಯಾಬಿನೆಟ್ಟಿನ ಮೇಲೆ ಅವನು ‘ಮುಟ್ಟಬೇಡಿ’ ಎಂದು ಚೀಟಿಯನ್ನೂ ಅಂಟಿಸಿದ್ದ. ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಆ ಚೀಟಿ ಕಿತ್ತಳು, ವೈರುಗಳನ್ನೆಲ್ಲ ತೆಗೆದಳು, ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಮಲಗಿಸಿ ಸ್ಕ್ರೂ ಬಿಚ್ಚಿದಳು.

ಪಕ್ಕದ ತಗಡು ತೆಗೆದದ್ದೇ ತಡ, ಒಳಗಿಂದ ಒಂದು ವಾಸನೆ ಎದ್ದು ಬಂತು: ಸಿಗರೇಟು, ಹಳೇ ಎಣ್ಣೆ, ಒದ್ದೆ ಕಾಲುಚೀಲ. ಕಾಲುಚೀಲಕ್ಕೆ ಕಾರಣ ಗೊತ್ತಿತ್ತು. ಚಳಿಗಾಲದಲ್ಲಿ ಸ್ಪೀಡು ಪೆಟ್ಟಿಗೆಯ ಹಿಂದೆ ಬಿಸಿಗಾಳಿ ಬರುವ ಕಡೆ ಅವನ್ನು ಒಣಹಾಕುತ್ತಿದ್ದ. ಫ್ಯಾನಿನ ರೆಕ್ಕೆಗಳು ಕಪ್ಪಗೆ ತುಪ್ಪಳ ಬೆಳೆಸಿಕೊಂಡಿದ್ದವು. ಫ್ಯಾನಿನ ಕೆಳಗೆ ಗಾಳಿ ಆಡಬೇಕಾದ ಲೋಹದ ಸಂದುಗಳಲ್ಲಿ ಧೂಳು, ಕೂದಲು, ಸಿಗರೇಟಿನ ಜಿಡ್ಡು ಸೇರಿ ಕಂಬಳಿಯ ಹಾಗೆ ನೆಯ್ದುಕೊಂಡಿತ್ತು. ಚಿಮಟದಿಂದ ಎಳೆದರೆ ಅದು ತುಂಡಾಗಲಿಲ್ಲ, ಉದ್ದಕ್ಕೆ ಬಂತು. ಅದರೊಳಗೆ ಬಿಳಿಯ ಅರ್ಧಚಂದ್ರಗಳು ಸಿಕ್ಕಿಕೊಂಡಿದ್ದವು. ಪ್ಲಾಸ್ಟಿಕ್ಕೇನೋ ಎಂದು ಒಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದಳು. ಕಾಲಿನ ಉಗುರು. ಆಟ ಲೋಡಾಗುವ ಹೊತ್ತಿನಲ್ಲಿ ಅವನು ಉಗುರು ತೆಗೆಯುತ್ತಿದ್ದದ್ದನ್ನು ಅವಳು ನೋಡಿದ್ದಳು. ತೆಗೆದದ್ದು ಎಲ್ಲಿಗೆ ಹೋಗುತ್ತದೆಂದು ಯೋಚಿಸಿರಲಿಲ್ಲ.

ಸಿಂಕಿಗೆ ಹೋಗಿ ಕೈ ತೊಳೆದು ಬಂದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂಲರಿನ ಸ್ಕ್ರೂ ಬಿಚ್ಚಿ, ಮೆಲ್ಲಗೆ ತಿರುಗಿಸಿ ಎತ್ತಿದಳು.

ಬಟ್ಟೆಯ ಒಳಗೂ ಪುದೀನದ ವಾಸನೆ ಬಂತು.

ಕೂಲರಿಗೂ ಪ್ರೊಸೆಸರಿಗೂ ನಡುವೆ ಬಿಸಿಯನ್ನು ದಾಟಿಸಲೆಂದು ಬೂದು ಬಣ್ಣದ ಒಂದು ಪೇಸ್ಟ್ ಹಚ್ಚಿರುತ್ತಾರೆ. ಇಲ್ಲಿ ಇದ್ದದ್ದು ಬಿಳಿ. ಒಣಗಿ, ಬಿರಿದು, ಅಂಚಿನಲ್ಲಿ ಕಂದಿತ್ತು. ಆ ಅಂಚಿನ ತುಂಬ ಕಪ್ಪು ಚುಕ್ಕೆಗಳು. ಬಗ್ಗಿ ನೋಡಿದಳು. ಇರುವೆಗಳು. ಸಿಹಿ ಹುಡುಕಿ ಬಂದು ಅಂಚಿಗೆ ಮುತ್ತಿ, ಅಲ್ಲೇ ಬೆಂದು ಅಂಟಿಕೊಂಡಿದ್ದವು. ಕೆಲವಕ್ಕೆ ಕಾಲುಗಳೂ ಹಾಗೇ ಇದ್ದವು.

ಸ್ಪೀಡು ಕಣ್ಣುಜ್ಜುತ್ತ ಬಂದ. "ಅಯ್ಯೋ, ಬಿಚ್ಚಿಬಿಟ್ರಾ? ಅದು ಸೆಟ್ಟಿಂಗ್ ಕೂತಿತ್ತು ಅತ್ತಿಗೆ."

"ಇದು ಹಲ್ಲುಜ್ಜೋ ಪೇಸ್ಟು."

"ಹೂಂ. ಫ್ಯಾನ್ ತೆಗೆದಾಗ ಮೊದಲಿಂದು ಒರೆಸಿಹೋಯ್ತು. ಒಬ್ಬ ವಿಡಿಯೋದಲ್ಲಿ ಇದನ್ನೇ ಹಚ್ಚಿ ತೋರಿಸಿದ್ದ. ಸಕತ್ತಾಗಿ ತಣ್ಣಗಿತ್ತು."

"ಆ ವಿಡಿಯೋ ಎಷ್ಟು ಹೊತ್ತಿಂದು?"

"ಹತ್ತು ನಿಮಿಷ ಇರಬಹುದು."

"ಹತ್ತು ನಿಮಿಷ ತಣ್ಣಗೇ ಇರುತ್ತೆ. ಆಮೇಲೆ ನೀರು ಆರಿ ಸುಣ್ಣ ಆಗುತ್ತೆ."

"ಆದ್ರೂ ಇಷ್ಟು ದಿನ ಓಡಿಲ್ವಾ? ಸೇಫಾಗೇ ಓಡಿತು." ಅವನು ಮೇಜಿನ ಮೇಲಿದ್ದ ಧೂಳಿನ ಕಂಬಳಿಯನ್ನು ಬೆರಳಿಂದ ತಿವಿದ, ಆ ಬೆರಳಲ್ಲೇ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದ. "ಸಂಜೆ ಒಳಗೆ ಜೋಡಿಸಿಬಿಡಿ. ಹುಡುಗರ ಜೊತೆ ರೇಸಿದೆ."

ಹಿಂದಿನ ರಾತ್ರಿ ಅವನು ಚಹಾ ಕುಡಿದಿಟ್ಟ ಸಾಸರನ್ನು ಅವಳು ಎಳೆದುಕೊಂಡಳು. ಪ್ಲಾಸ್ಟಿಕ್ ಚೂರಿನಿಂದ ಆ ಬಿಳಿಯನ್ನು ಕೆರೆಕೆರೆದು ಇರುವೆಗಳ ಸಮೇತ ಸಾಸರಿಗೆ ಹಾಕಿದಳು. ಉಗುರುಗಳನ್ನೂ ಆರಿಸಿ ಅದರ ಪಕ್ಕ ಇಟ್ಟಳು. ಬಿಸಾಡಲಿಲ್ಲ. ಯಾಕೆಂದು ಆಗ ಅವಳಿಗೇ ಗೊತ್ತಿರಲಿಲ್ಲ.

ಬೀದಿ ತುದಿಯ ರಿಪೇರಿ ಅಂಗಡಿಯಿಂದ ಸರಿಯಾದ ಪೇಸ್ಟ್ ಮತ್ತು ಸ್ಪಿರಿಟ್ ತಂದಳು. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಿದಳು. ಪ್ರೊಸೆಸರಿನ ನಡುವೆ ಬಟಾಣಿ ಗಾತ್ರದಷ್ಟು ಪೇಸ್ಟ್ ಇಟ್ಟು, ಕೂಲರ್ ಕೂರಿಸಿ, ಒಂದು ಮೂಲೆಯಾದ ಮೇಲೆ ಅದರ ಎದುರು ಮೂಲೆ ಎಂದು ಸ್ಕ್ರೂಗಳನ್ನು ಸಮನಾಗಿ ಬಿಗಿದಳು. ಪೆಟ್ಟಿಗೆಯನ್ನು ಮತ್ತೆ ಅದರ ಕೋಣೆಯಲ್ಲಿ ಜೋಡಿಸಿ, ಕಂಪ್ಯೂಟರು ಎದ್ದ ಮೇಲೆ ಸ್ಪೀಡು ಮಾಡಿಟ್ಟದ್ದನ್ನೆಲ್ಲ ಅಳಿಸಿ, ಕಂಪನಿಯ ವೇಗಕ್ಕೇ ತಂದು, ವಾರ್ಡಿನ ಒಂದು ಚಿತ್ರ ತೆಗೆದು ನೋಡಿದಳು.

ನಿನ್ನೆಗಿಂತ ಬೇಗ ಬಂತು.

ನಂಬದೆ ಇನ್ನೊಂದು ತೆಗೆದಳು. ಅದೂ ಹಾಗೇ. ಆಗ ಅರ್ಥವಾಯಿತು. ಅವನು ವೇಗ ಏರಿಸಿಟ್ಟಿದ್ದ, ಅದಕ್ಕೆ ಹರಿಯುವ ವಿದ್ಯುತ್ತಿನ ವೋಲ್ಟೇಜನ್ನೂ ಏರಿಸಿಟ್ಟಿದ್ದ. ಪ್ರೊಸೆಸರು ಬಿಸಿ ತಾಳದೆ ತನ್ನನ್ನು ಉಳಿಸಿಕೊಳ್ಳಲು ಕಂಪನಿಯ ವೇಗಕ್ಕಿಂತಲೂ ಕೆಳಗೆ ಇಳಿದು ತೆವಳುತ್ತಿತ್ತು, ಅದೂ ಸಾಲದಾದಾಗ ಆರುತ್ತಿತ್ತು. ಇಷ್ಟು ತಿಂಗಳು ಅವಳು ಸ್ಪೀಡು ಕೊಟ್ಟ ವೇಗದಲ್ಲಿ ನಿಧಾನವಾಗಿ ಕೆಲಸ ಮಾಡಿದ್ದಳು.

ಆದರೂ ನಾಳೆ ಮಧ್ಯಾಹ್ನಕ್ಕೆ ಲೆಕ್ಕ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಹಾಗಾಗಿ ಅವನು ಮಾಡಿದೆನೆಂದು ಹೇಳಿದ್ದನ್ನು ಅವಳು ನಿಜವಾಗಿ ಮಾಡಿದಳು. ವೋಲ್ಟೇಜ್ ಮುಟ್ಟಲಿಲ್ಲ. ವೇಗವನ್ನು ಒಂದೇ ಮೆಟ್ಟಿಲು ಏರಿಸಿ, ಪ್ರೊಸೆಸರಿಗೆ ಪೂರ್ತಿ ಹೊರೆ ಕೊಟ್ಟು, ಬಿಸಿ ಏರಿ ಒಂದು ಕಡೆ ನಿಲ್ಲುವವರೆಗೆ ಕಾದಳು. ಎಪ್ಪತ್ತೊಂದು ಡಿಗ್ರಿ. ಇನ್ನೊಂದು ಮೆಟ್ಟಿಲು. ಎಪ್ಪತ್ತೈದು. ಅದರ ಮೇಲಿನ ಮೆಟ್ಟಿಲಿನಲ್ಲಿ ಪರೀಕ್ಷೆ ತಪ್ಪು ಲೆಕ್ಕ ಕೊಟ್ಟಿತು. ತಕರಾರಿಲ್ಲದೆ ಒಂದು ಮೆಟ್ಟಿಲು ಇಳಿದಳು, ಅಲ್ಲೇ ನಿಂತಳು. ಸಿಕ್ಕಿದ್ದು ಸ್ವಲ್ಪವೇ, ನಾಳೆಗೆ ಸಾಕಾಗುವಷ್ಟು. ಕಿಟಕಿ ತೆರೆದು, ಪೆಟ್ಟಿಗೆಯನ್ನು ಗೋಡೆಯಿಂದ ದೂರ ಎಳೆದು, ವಾರ್ಡಿನ ಚಿತ್ರಗಳ ಲೆಕ್ಕವನ್ನು ಓಡಲು ಬಿಟ್ಟಳು. ಫ್ಯಾನು ಒಂದೇ ಸಮನೆ ಸದ್ದು ಮಾಡತೊಡಗಿತು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಸ್ಪೀಡು ತಟ್ಟೆ ಮುಟ್ಟಲಿಲ್ಲ.

"ಅಣ್ಣ, ಹೇಳೋ. ಹುಡುಗರು ಕಾಯ್ತಿದಾರೆ."

ಗಂಡ ಅವಳ ಕಡೆ ತಿರುಗಿದ. "ಒಂದು ಗಂಟೆ ಬಿಟ್ಕೊಡು. ನಿಂದು ಆಮೇಲೆ ಹಾಕ್ಕೋಬಹುದು."

"ನಿಲ್ಲಿಸಿದ್ರೆ ನಾಳೆಗೆ ಆಗಲ್ಲ ರೀ."

"ನಿಂದು ಬೊಂಬೆ ಮನೆ ತಾನೇನಮ್ಮ," ಎಂದರು ಅತ್ತೆ, ಬ್ರೆಡ್ಡು ಎತ್ತಿಕೊಳ್ಳುತ್ತ. "ಚಿಕ್ಕವನು ಆಸೆ ಪಡ್ತಾನೆ." ಅಷ್ಟರಲ್ಲಿ ಅವರ ಕಣ್ಣು ಪಕ್ಕದ ಸಾಸರಿನ ಮೇಲೆ ಬಿತ್ತು. "ಇದೇನಿದು, ಮೆಣಸಿನ ಪುಡಿ ಹಾಕಿದ ಬೆಣ್ಣೆನಾ?" ಎನ್ನುತ್ತ ಚಾಕುವಿನ ತುದಿಯಲ್ಲಿ ತೆಗೆದರು. ಅದು ಗಟ್ಟಿಯಾಗಿತ್ತು, ಪುಡಿಯಾಗಿ ಬ್ರೆಡ್ಡಿನ ಮೇಲೆ ಉದುರಿತು.

"ತಿನ್ನಬೇಡಿ ಅತ್ತೆ. ಇರುವೆ. ಪಕ್ಕದಲ್ಲಿರೋದು ನಿಮ್ಮ ಚಿಕ್ಕ ಮಗನ ಕಾಲಿನ ಉಗುರು."

ಅತ್ತೆ ಬ್ರೆಡ್ಡನ್ನು ಕೈಯಿಂದ ಬಿಟ್ಟರು. ಅವಳು ಸಾಸರನ್ನು ಮೇಜಿನ ನಡುವೆ ತಳ್ಳಿ, ಎಲ್ಲಿಂದ ಬಂತು, ಹೇಗೆ ಬಂತು ಎಂದು ದನಿ ಏರಿಸದೆ ಹೇಳಿದಳು. ಹೇಳಿ ಗಂಡನ ಮುಖ ನೋಡಿದಳು. ಅವನಿಗೂ ಅಸಹ್ಯವಾಗುತ್ತದೆ ಎಂದುಕೊಂಡಿದ್ದಳು. ಅವನು ಸಾಸರು ಬಿಟ್ಟು ಉಪ್ಪಿನ ಡಬ್ಬಿ ನೋಡುತ್ತಿದ್ದ.

"ಅವನೊಬ್ಬನದೇ ತಪ್ಪು ಅನ್ನೋ ಹಾಗೆ ಮಾತಾಡ್ಬೇಡ," ಎಂದ. "ಅವತ್ತು ಅಂಗಡಿ ಮುಚ್ಚಿತ್ತು. ಪೇಸ್ಟು ನಾನೇ ಕೊಟ್ಟೆ, ನಮ್ಮ ಟ್ಯೂಬಿಂದ."

"ನಿಮಗೆ ಗೊತ್ತಿತ್ತಾ?"

"ಟಾರ್ಚ್ ಹಿಡಿದಿದ್ದೆ ಅಷ್ಟೆ."

"ಮತ್ತೆ ಆರಿದಾಗೆಲ್ಲ ಕರೆಂಟ್ ಅಂದಿದ್ದು?"

"ಹೇಳಿದ್ರೆ ನೀನು ಅವನ ಮೇಲೆ ಹಾರಾಡ್ತಿದ್ದೆ. ಮನೇಲಿ ಸುಮ್ನೆ ಯಾಕೆ ರಗಳೆ ಅಂತ."

ಸ್ಪೀಡು ನಕ್ಕ. "ನೋಡಿದ್ರಾ ಅತ್ತಿಗೆ, ಅಣ್ಣನೂ ಟೀಮಲ್ಲಿದ್ದ."

ಬೆಳಿಗ್ಗೆ ಉಗುರು ಹಿಡಿದ ಬೆರಳನ್ನು ಅವಳು ತೊಳೆದುಕೊಂಡಿದ್ದಳು. ಇದನ್ನು ತೊಳೆಯುವುದು ಹೇಗೆಂದು ತಿಳಿಯಲಿಲ್ಲ. ಆರ್ಕಿಟೆಕ್ಟ್ ಮೇಡಂ ಹತ್ತಿರ ಕ್ಷಮೆ ಕೇಳುವಾಗ, ಮಾಡಿದ್ದನ್ನೇ ಮತ್ತೆ ಮಾಡುತ್ತ ಕೂತಾಗ, ಪಕ್ಕದಲ್ಲೇ ನಿಂತು ಚಹಾ ಹೀರುತ್ತಿದ್ದವನು ಇವನು. ಅವಳು ಎದ್ದು, ಕಂಪ್ಯೂಟರಿದ್ದ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು. ಸ್ಪೀಡು ಎರಡು ಸಲ ಬಾಗಿಲು ಬಡಿದ. ಗಂಡ ಒಂದು ಸಲ.

ಮರುದಿನ ಚಿತ್ರ ಹೊತ್ತಿಗೆ ಮೊದಲೇ ಹೋಯಿತು. ಮಧ್ಯಾಹ್ನ ಕಳೆದ ಮೇಲೆ ಮೇಡಂ ಫೋನ್ ಮಾಡಿದರು. "ಕಿಟಕಿ ಹತ್ತಿರದ ಮಂಚ ತೋರಿಸಿದ್ರಲ್ಲ, ಅಲ್ಲಿಗೆ ಬರ್ತಿದ್ದ ಹಾಗೇ ಸಮಿತಿಯವರು ಒಪ್ಕೊಂಡ್ರು. ಮುಂದಿನ ನಕ್ಷೆ ಕಳಿಸಲಾ?"

"ಕಳಿಸಿ ಮೇಡಂ," ಎಂದಳು. ಖುಷಿಯಾಗಬೇಕಿತ್ತು. ಆಯಿತು ಕೂಡ, ಆದರೆ ಅದರೊಳಗೂ ಪುದೀನದ ವಾಸನೆ ಸಣ್ಣಗೆ ಇತ್ತು. ಅದೇ ದಿನ ಬೀಗ ತಂದು ಆ ಕೋಣೆಯ ಬಾಗಿಲಿಗೆ ಹಾಕಿ, ಕೀಲಿಯನ್ನು ತನ್ನ ಚೀಲದಲ್ಲಿಟ್ಟುಕೊಂಡಳು. ಅತ್ತೆ ನೋಡಿದರು, ಬೊಂಬೆಯ ಮಾತೆತ್ತಲಿಲ್ಲ. ಆ ಸಾಸರನ್ನು ಅವರೇ ಕಸಕ್ಕೆ ಹಾಕಿದ್ದರು, ತೊಳೆಯದೆ.

ಬಚ್ಚಲುಮನೆಯ ಕನ್ನಡಿಯ ಕೆಳಗೆ ಅದೇ ಪುದೀನದ ಪೇಸ್ಟಿನ ಟ್ಯೂಬು ಇತ್ತು, ನಡುವೆ ಹಿಸುಕಿ, ಬಾಯಿಗೆ ಬಿಳಿ ಗಡ್ಡೆ ಕಟ್ಟಿಕೊಂಡು. ಅವಳು ಬ್ರಷ್ಷು ಒದ್ದೆ ಮಾಡಿ, ಅಡುಗೆಮನೆಯಿಂದ ತಂದ ಉಪ್ಪಿನಲ್ಲಿ ಅದ್ದಿ ಹಲ್ಲುಜ್ಜಿದಳು.

"ಪೇಸ್ಟು ಖಾಲಿ ಆಯ್ತಾ?" ಎಂದ ಗಂಡ ಬಾಗಿಲಲ್ಲಿ ನಿಂತು.

ಅವಳು ಬಾಯಿ ಮುಕ್ಕಳಿಸಿ ಉಗಿದಳು.

"ಇಲ್ಲ. ನೀವಿಬ್ಬರೇ ಇಟ್ಕೊಳ್ಳಿ."