ಹತ್ತು ಲಕ್ಷದ ಒಂಬತ್ತು

"ಮೆಲ್ಲಗೆ ಮಾವ, ಗೋಡೆಗೆ ತಾಗತ್ತೆ," ಎನ್ನುತ್ತಾ ಮಗಳು ಹೊಲಿಗೆ ಯಂತ್ರದ ಒಂದು ತುದಿ ಎತ್ತಿದಳು. ಅದು ಅಂಗಳಕ್ಕೆ ಹೋದ ಮೇಲೇ ಮುಂದಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸಲು ಜಾಗವಾದದ್ದು. ನಲವತ್ತು ವರ್ಷ ಬೀದಿಯವರ ಬಟ್ಟೆ ಹೊಲಿದ ಟೈಲರಮ್ಮ ನಿನ್ನೆ ಮಧ್ಯಾಹ್ನ ಕಾಜಾ ಹಾಕುತ್ತಾ ಕೂತಲ್ಲೇ ವಾಲಿ ತೀರಿಕೊಂಡಿದ್ದಳು.

ಹತ್ತು ಗಂಟೆಗೆ ಗಣಿತದ ಮೇಷ್ಟ್ರು ಬಂದರು. ನಿವೃತ್ತರಾಗಿ ಹತ್ತು ವರ್ಷವಾಗಿತ್ತು.

"ನಿಮ್ಮ ಅಂಗಿಯ ಕಾಲರು ಮಾತ್ರ ಯಾರ ಕೈಗೂ ಕೊಡ್ತಿರ್ಲಿಲ್ಲ ನಮ್ಮಕ್ಕ," ಎಂದ ಮಾವ.

ಮೇಷ್ಟ್ರು ಮಗಳನ್ನು ಅಂಗಳದ ಮೂಲೆಗೆ ಕರೆದರು. "ನಿಮ್ಮಮ್ಮ ಶಾಲೆ ಯಾಕೆ ಬಿಟ್ಟಳು, ಗೊತ್ತೇನಮ್ಮ?"

"ಲೆಕ್ಕ ತಲೆಗೆ ಹತ್ತಲಿಲ್ಲವಂತೆ. ಅವಳೇ ಹೇಳ್ತಿದ್ಲು."

ಮೇಷ್ಟ್ರ ಮುಖ ಕಪ್ಪಿಟ್ಟಿತು.

*

ಅದು ಎಂಟನೇ ತರಗತಿ. ಮೇಷ್ಟ್ರಿಗೆ ಆಗ ಇಪ್ಪತ್ತಾರು. ಹಲಗೆಯ ಮೇಲೆ ಹತ್ತು ಲಕ್ಷದ ಒಂಬತ್ತು ಎಂದು ಅಂಕಿಗಳಲ್ಲಿ ಬರೆದು, "ಇದು ಅವಿಭಾಜ್ಯ. ಒಂದು ಮತ್ತು ಇದೇ ಸಂಖ್ಯೆ ಬಿಟ್ಟರೆ ಇನ್ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗೋಲ್ಲ," ಎಂದಿದ್ದರು. ಅವರಿಗೆ ಅವರ ಮೇಷ್ಟ್ರು ಹೇಳಿದ್ದು ಅದು. ತಾವಾಗಿ ಭಾಗಿಸಿ ನೋಡಿರಲಿಲ್ಲ.

ವಾರ ಕಳೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳು.

"ಭಾಗ ಆಗತ್ತೆ ಸಾರ್. ಇನ್ನೂರ ತೊಂಬತ್ತಮೂರರಿಂದ. ಮೂರು, ಏಳು, ಹನ್ನೊಂದು ಅಂತ ಒಂದೊಂದಾಗಿ ನೋಡ್ತಾ ಬಂದೆ. ಮೂರು ಸಾವಿರದ ನಾನೂರ ಹದಿಮೂರು ಸಲ ಹೋಗತ್ತೆ."

ತರಗತಿ ಕಿಸಕ್ಕೆಂದಿತು. ಮೇಷ್ಟ್ರಿಗೆ ಆ ನಗು ತಮ್ಮ ಮೇಲೆಯೇ ಅನ್ನಿಸಿತು.

"ಯಾರು ಬರ್ಕೊಟ್ರು?"

"ನಾನೇ ಸಾರ್."

"ಸುಳ್ಳಿ!" ಎಂದು ನೋಟ್‌ಬುಕ್ಕನ್ನು ನಡುವೆ ಹರಿದುಹಾಕಿದರು.

*

"ಅವತ್ತು ಸಂಜೆಯೇ ಭಾಗಿಸಿದೆ. ಶೇಷ ಸೊನ್ನೆ," ಎಂದರು ಮೇಷ್ಟ್ರು. "ನಾಳೆ ಬರ್ತಾಳಲ್ಲ, ಹೇಳೋಣ ಅಂದ್ಕೊಂಡೆ. ಬರಲೇ ಇಲ್ಲ. ಸುಳ್ಳು ಹೇಳೋಳಿಗೆ ಓದು ಬೇರೆ ಕೇಡು ಅಂತ ಅವಳಪ್ಪ ಹೊಲಿಗೆಗೆ ಹಾಕಿಬಿಟ್ಟಿದ್ದ."

"ಆಮೇಲೆ? ಇಷ್ಟು ವರ್ಷ?"

"ಅಳತೆ ಕೊಡೋಕೆ ಬಂದಾಗಲೆಲ್ಲ ಹೇಳೋಣ ಅಂತಿದ್ದೆ. ಎದೆಗೆ ಟೇಪು ಸುತ್ತಿ, 'ಉಸಿರು ಬಿಡಿ ಸಾರ್' ಅಂತಿದ್ಲು. ಅಷ್ಟರಲ್ಲಿ ಬಾಯಿ ಕಟ್ಟಿಹೋಗೋದು."

"ನನಗೆ ಗಣಿತದಲ್ಲಿ ಒಳ್ಳೆ ಅಂಕ ಬಂದಾಗ, ನನ್ನ ದಡ್ಡತನ ನಿನಗೆ ಬರಲಿಲ್ಲ, ಸದ್ಯ ಅಂದಿದ್ಲು ಅಮ್ಮ. ಅವಳು ಅದನ್ನ ನಂಬಿಕೊಂಡೇ ಹೋದಳು ಮೇಷ್ಟ್ರೇ."

"ಕ್ಷಮಿಸಮ್ಮ."

"ನನ್ನ ಹತ್ರ ಯಾಕೆ ಕೇಳ್ತೀರಿ? ಹರಿದಿದ್ದು ಎಲ್ಲರ ಎದುರಿಗೆ ತಾನೇ? ಒಳಗೆ ಹೋಗಿ, ಎಲ್ಲರ ಎದುರಿಗೇ ಹೇಳಿ."

ಮೇಷ್ಟ್ರು ಒಳಗೆ ಹೋದರು. ಅಮ್ಮನ ಕಾಲ ಬಳಿ ಕೈಕಟ್ಟಿ ನಿಂತರು. "ಹತ್ತು ಲಕ್ಷದ ಒಂಬತ್ತು ಅವಿಭಾಜ್ಯ ಅಲ್ಲ. ಈ ಹುಡುಗಿ ಮಾಡಿದ ಲೆಕ್ಕ ಸರಿ. ತಪ್ಪು ನನ್ನದು."

ಬಂದವರು ಮುಖ ಮುಖ ನೋಡಿಕೊಂಡರು. "ಪಾಪ, ವಯಸ್ಸಾಯ್ತು," ಎಂದಳು ಪಕ್ಕದ ಮನೆಯಾಕೆ. ವ್ಯಾನಿನವನು ಬಾಗಿಲಲ್ಲಿ ಇಣುಕಿ, "ಹೊರಡೋಣ್ವಾ?" ಎಂದ. ನಾಲ್ವರು ಬಗ್ಗಿ ಅಮ್ಮನನ್ನು ಎತ್ತಿದರು.

ಎಲ್ಲರೂ ಬೀದಿಗಿಳಿದ ಮೇಲೆ ಮಗಳು ಬಾಗಿಲು ಹಾಕಲು ತಿರುಗಿದಳು. ಖಾಲಿ ಕೋಣೆಯ ನಡುವೆ, ಉತ್ತರ ಹೇಳಿ ಮುಗಿಸಿದ ಶಾಲೆಯ ಮಗುವಿನ ಹಾಗೆ, ಮೇಷ್ಟ್ರು ಇನ್ನೂ ಕೈಕಟ್ಟಿ ನಿಂತಿದ್ದರು.